ಎಂಟನೆಯ ಲೋಟ

ಏಪ್ರಿಲ್ ಮುಗಿಯುತ್ತ ಬಂದಿತ್ತು, ಮಳೆ ಮಾತ್ರ ಇನ್ನೂ ಮುಗಿದಿರಲಿಲ್ಲ. ಲುವಾಂಗ್ವಾ ಹೊಳೆಯ ಈಚೆ ದಡದ ಹಳ್ಳಿಯಲ್ಲಿ, ಮುದುಕ ಯೋಟಮನ ಹುಲ್ಲುಮನೆಯ ಜಗಲಿಯ ಮೇಲೆ ಕತ್ತಲಾಗುವ ಹೊತ್ತಿಗೆ ನಾಲ್ಕೈದು ಜನ ಸೇರಿದ್ದರು. ಒಲೆಯ ಮೇಲೆ ಹಸಿ ಮುಸುಕಿನ ಜೋಳ ಬೇಯುತ್ತಿತ್ತು. ಹೊಳೆಯಾಚೆಗಿನ ಕಾಡಿಗೆ ಸರ್ಕಾರ ರಾಷ್ಟ್ರೀಯ ಉದ್ಯಾನ ಎಂದು ಹೆಸರಿಟ್ಟಿದ್ದರೂ ಊರಿನವರಿಗೆ ಅದು ಬರೀ ‘ಆಚೆ’. ಜೂನ್ ಬಂದು ದಾರಿ ಒಣಗಿದರೆ ಆಚೆಗೆ ಸಫಾರಿಯವರು ಬರುತ್ತಾರೆ. ಅಲ್ಲಿಯವರೆಗೆ ಊರಿಗೆ ಊರೇ ಕಾಯುವುದು, ತಯಾರಿ ಮಾಡುವುದು, ತಯಾರಿ ಮಾಡುತ್ತ ಜಗಳವಾಡುವುದು.

ಯೋಟಮನ ಮೊಮ್ಮಗಳು ತಿಯೆಸೆ ಚಾಪೆಯ ಮೇಲೆ ಕಾಗದ ಹರಡಿಕೊಂಡು ಕೂತಿದ್ದಳು. ಜೂನ್ ಮೊದಲ ವಾರ ಅವಳ ಪರೀಕ್ಷೆ. ಅತಿಥಿಗಳನ್ನು ಕಾಡಿನಲ್ಲಿ ನಡೆಸಿಕೊಂಡು ಹೋಗುವ ಮಾರ್ಗದರ್ಶಿಯಾಗಬೇಕಾದರೆ ಒಂದಿಡೀ ಬೆಳಗಿನ ನಡಿಗೆಯನ್ನು ತಾನೇ ಯೋಜಿಸಿ, ಪರೀಕ್ಷಕರ ಕಣ್ಣೆದುರು ತಾನೇ ನಡೆಸಿ ತೋರಿಸಬೇಕು. ಇದೊಂದೇ ಅವಕಾಶ ಎಂದು ಸಫಾರಿ ಕ್ಯಾಂಪಿನ ಯಜಮಾನ ಮೊದಲೇ ಹೇಳಿಬಿಟ್ಟಿದ್ದ. ಸೋತರೆ ಅತಿಥಿಗಳ ಹಾಸಿಗೆ ಬಟ್ಟೆ ಒಗೆಯುವ ಕಲ್ಲೇ ಗತಿ. ಅದಕ್ಕೇ ಮೂರು ದಿನದ ಹಿಂದೆ, ಮಳೆ ಬಿಡುವು ಕೊಟ್ಟಾಗ, ಬಂದೂಕಿನ ಕಾವಲುಗಾರನೊಬ್ಬನನ್ನು ಕರೆದುಕೊಂಡು ದಾರಿ ನೋಡಲು ಆಚೆಗೆ ಹೋಗಿದ್ದಳು. ಮಡುವಿನ ಪಕ್ಕದ ಎತ್ತರದ ಹುಲ್ಲಿನವರೆಗೆ ಹೋಗಿ ತಿರುಗಿ ಬಂದಿದ್ದಳು. ಬೂಟು ಕಚ್ಚಿತು ಎಂದು ಮನೆಯಲ್ಲಿ ಹೇಳಿದ್ದಳು.

ಈಗ ಅವಳು ತನ್ನ ಪಟ್ಟಿಯನ್ನು ಗಟ್ಟಿಯಾಗಿ ಓದಿದಳು. “ಬಂದೂಕಿನವನು ಒಬ್ಬ, ನಾನು, ಪರೀಕ್ಷಕರು, ಮೂವರು ಅತಿಥಿಗಳು, ಟೀ ಹೊರೋನು. ಒಟ್ಟು ಏಳು ಜನ. ಏಳು ಮೊಟ್ಟೆ, ಏಳು ಲೋಟ…”

“ಎಂಟು ಲೋಟ ಅಂತ ಬರಿ,” ಎಂದ ಯೋಟಮ್.

“ಏಳೇ ಜನ, ತಾತಾ.”

“ಎಣಿಸೋಕೆ ನಂಗೂ ಬರತ್ತೆ ಕಣಮ್ಮಾ. ಎಂಟು ಬರಿ.”

ಜೋಳದ ತೆನೆ ಕಚ್ಚುತ್ತಿದ್ದ ಪಕ್ಕದ ಮನೆಯ ಲವ್‌ನೆಸ್ ಕಿಸಕ್ಕನೆ ನಕ್ಕಳು. “ಒಂದು ಒಡೆದುಹೋದ್ರೆ ಇರ್ಲಿ ಅಂತಲಾ ತಾತಾ? ತಗಡಿನ ಲೋಟ ಒಡೆಯಲ್ಲ!”

“ನಗು, ನಗು. ಹಲ್ಲು ಇರೋವರೆಗೂ ನಗು.” ಮುದುಕ ಕಂಬಳಿಯನ್ನು ಮೊಣಕಾಲಿನವರೆಗೆ ಎಳೆದುಕೊಂಡ. “ಈ ಮನೇಲಿ ಎಂಟನೇ ಲೋಟ ಯಾಕೆ ಅಂತ ಯಾರಿಗೂ ಗೊತ್ತಿಲ್ವಾ? ಏ ಜೆಲಿಪಾ! ಇವರಿಗೆ ಹೇಳೇ ಇಲ್ವಾ ನೀನು?”

ಒಳಗೆ ಅಡುಗೆಯ ಕಡೆಯಿಂದ ಅಜ್ಜಿಯ ದನಿ ಬಂತು. “ನೀನೇ ಹೇಳು ಮುದುಕಾ. ಕತೆ ನಂದಾದ್ರೂ ಬಾಯಿ ನಿಂದೇ ತಾನೆ ದೊಡ್ಡದು? ಸುಳ್ಳು ಬಂದ ಕಡೆ ನಾನು ಕೆಮ್ತೀನಿ.”

ತಿಯೆಸೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡಳು. ಮಳೆ ಜೋರಾಯಿತು. ಜಗಲಿಯ ಅಂಚಿನಲ್ಲಿದ್ದವರು ಒಳಕ್ಕೆ ಸರಿದು ಕೂತರು.

“ಕೇಳಿ ಹಾಗಾದ್ರೆ… ನಲವತ್ತೆಂಟು ಮಳೆಗಾಲದ ಹಿಂದಿನ ಮಾತು. ಆಗ ನಾನು ಹುಣಸೆಮರದ ಕ್ಯಾಂಪಲ್ಲಿ ಬಂದೂಕಿನವನು. ಈಗ ಈ ಕಿವಿಗೆ ಗುಡುಗಿದ್ರೂ ಕೇಳಲ್ಲ, ಆಗ ಮಾತ್ರ ಹೊಳೆಯಾಚೆ ಚಿರತೆ ಆಕಳಿಸಿದ್ರೂ ಕೇಳೋದು…”

ಒಳಗಿನಿಂದ ಕೆಮ್ಮು ಕೇಳಿಸಿತು.

“…ಸರಿ, ಹೊಳೆ ಈಚೆ ಚಿರತೆ. ಕಾಡಲ್ಲಿ ಸಾಲು ಹೆಂಗಿರತ್ತೆ ಗೊತ್ತಲ್ಲ, ಆಗಲೂ ಹಂಗೇ. ಮುಂದೆ ಬಂದೂಕು, ಅದರ ಹಿಂದೆ ಮಾರ್ಗದರ್ಶಿ, ಆಮೇಲೆ ಅತಿಥಿಗಳು, ಎಲ್ಲರಿಗಿಂತ ಹಿಂದೆ ಟೀ ಹೊರೋನು, ತಲೆ ಮೇಲೆ ಲೋಟದ ಬುಟ್ಟಿ, ಕೈಯಲ್ಲಿ ಕೆಟಲ್. ಜನ ಹೊಗಳೋದು ಬಂದೂಕಿನವನನ್ನೇ. ಆದ್ರೆ ಮುಂದೆ ಇರೋನಿಗೆ ಏನು ಕಾಣತ್ತೆ? ಮುಂದಿಂದು ಮಾತ್ರ. ಇಡೀ ಸಾಲು ಕಾಣೋದು ಕೊನೆಯವನಿಗೆ. ಆ ಕೊನೇ ಜಾಗದಲ್ಲಿ ಇಪ್ಪತ್ತು ವರ್ಷ ನಡೆದೋನು ಕಟೊಂಗೊ ಅಂತ, ಉತ್ತರದ ಕಸಾಮ ಕಡೆಯ ಬೆಂಬಾ ಕುಲದೋನು. ಚಮಚದಲ್ಲಿ ಕೆಟಲ್ ಮುಚ್ಚಳ ಬಡೀತಿದ್ದ. ಟಿಣ್ ಟಿಣ್ ಅಂತ ಎರಡು ಸಲ ಬಡಿದ್ರೆ ಎಲ್ಲಾ ಇದೀವಿ, ನಡೀರಿ ಅಂತ. ಮೂರು ಸಲ ಬಡಿದ್ರೆ ನಿಲ್ಲಿ, ಎತ್ತಿದ ಕಾಲು ಇಡಬೇಡಿ ಅಂತ. ಇಪ್ಪತ್ತು ವರ್ಷದಲ್ಲಿ ಆ ಸಾಲಿಂದ ಒಬ್ಬ ಅತಿಥಿ ಕಳೆದುಹೋಗಿರ್ಲಿಲ್ಲ ಕಣ್ರಪ್ಪಾ, ಒಂದು ಟೋಪಿ ಸಹ!

“ಅವನಿಗೂ ನಿಮ್ಮಜ್ಜಿಗೂ ಬೈಗುಳದ ನೆಂಟಸ್ತಿಕೆ. ಇವಳು ಅಂಗೋನಿ, ಅವನು ಬೆಂಬಾ. ಅಜ್ಜಂದಿರ ಕಾಲದಲ್ಲಿ ಈಟಿ ಹಿಡಿದು ಹೊಡೆದಾಡಿದ ಕುಲಗಳು, ಈಗ ಬೈದಾಡ್ಕೊಂಡೇ ನೆಂಟರು. ಆಗ ಇವಳು ಕ್ಯಾಂಪಲ್ಲಿ ಬಟ್ಟೆ ಒಗೀತಿದ್ಳು. ನನ್ನ ಹೆಂಡತಿ ಆಗಿರ್ಲಿಲ್ಲ, ನನ್ನ ಕಡೆ ತಿರುಗಿ ಕೂಡ ನೋಡ್ತಿರ್ಲಿಲ್ಲ. ಬೆಳಕು ಹರಿಯೋದೇ ತಡ, ಅವರಿಬ್ಬರದೂ ಶುರು. ‘ಏ ಕೋತಿ ತಿನ್ನೋನೇ, ಬುಟ್ಟಿಯಿಂದ ಬಾಲ ನೇತಾಡ್ತಿದೆ, ಒಳಗೆ ಹಾಕ್ಕೊ!’ ಅಂತ ಇವಳು. ‘ಏ ಇಲಿ ತಿನ್ನೋಳೇ, ನೀನು ದಾರೀಲಿ ಬರ್ತಿದ್ರೆ ಬಿಲದಲ್ಲಿರೋವೆಲ್ಲಾ ಉಯಿಲು ಬರೆದಿಡ್ತವೆ!’ ಅಂತ ಅವನು. ‘ನೀನು ಸತ್ತ ದಿನ ನಿನ್ನ ಗುಂಡಿಗಿಳಿದು ಕುಣೀತೀನಿ’ ಅಂದ್ರೆ, ‘ಕುಣಿ ಮಾರಾಯ್ತಿ, ಕಾಲು ತೊಳ್ಕೊಂಡು ಬಾ’ ಅನ್ನೋನು. ಅಷ್ಟು ಪ್ರೀತಿ… ಸಾವಿನ ಮನೇಲಿ ಅಳೋಕೆ ಮನೆಯೋರು ಇರ್ತಾರೆ. ಹೆಣಾನ ಅಣಕಿಸಿ, ಬೈದು, ‘ಹೋಗು, ನಿನ್ನ ಕಾಟ ತಪ್ಪಿತು’ ಅನ್ನೋಕೆ ಬೈಗುಳದ ನೆಂಟರೇ ಬರಬೇಕು. ಅವರು ಹಾಗೆ ಕಳಿಸಿಕೊಟ್ರೇನೇ ಸತ್ತೋನು ಹೊರಡೋದು. ಇದು ಯಾರಿಗೆ ಗೊತ್ತಿಲ್ಲ?

“ಮಾರ್ಚ್ ತಿಂಗಳ ಮಳೇಲಿ ಕಟೊಂಗೊ ಜ್ವರ ಬಂದು ತೀರಿಹೋದ. ದಾರಿಯೆಲ್ಲಾ ನೀರು, ಕಸಾಮಕ್ಕೆ ಒಯ್ಯೋ ಮಾತೆಲ್ಲಿ ಬಂತು? ಇಲ್ಲೇ ಮಣ್ಣು ಮಾಡಿದ್ವಿ. ಕ್ಯಾಂಪಿನ ಯಜಮಾನ ಕರೀ ಕೋಟು ಹಾಕ್ಕೊಂಡು ಬಂದ, ಪಾದ್ರಿ ಬಂದ್ರು, ಪಟ್ಟಣದಿಂದ ಯಾರೋ ದೊಡ್ಡ ಮನುಷ್ಯರೂ ದೋಣೀಲಿ ಬಂದ್ರು. ಅಂಥೋರ ಮುಂದೆ ಗುಂಡಿಗಿಳಿದು ಕುಣಿಯೋದು ಹೆಂಗೆ, ಹೆಣಾನ ಕೋತಿ ಅನ್ನೋದು ಹೆಂಗೆ… ಇವಳಿಗೆ ನಾಚಿಕೆ ಆಗೋಯ್ತು. ಹೆಗಲ ಮೇಲಿನ ಬಟ್ಟೆ ಬಾಯಿಗೊತ್ತಿಕೊಂಡು ಮರ್ಯಾದಸ್ತಳ ಹಂಗೆ ಅತ್ತುಬಿಟ್ಟಳು. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಬೇರೆ ಕಡೆ ಇರಬಹುದು. ಬೆಂಬಾ ಗುಂಡಿ ಮುಂದೆ ಅಲ್ಲ. ಒಬ್ಬ ಮುದುಕಿ ಅವತ್ತೇ ಅಂದಿದ್ಳು, ‘ಅಯ್ಯೋ, ಬೈಯಬೇಕಾದೋಳೇ ಅತ್ತುಬಿಟ್ಟಳಲ್ಲೇ! ಇನ್ನು ಅವನು ಹೋಗೋದಾದ್ರೂ ಎಲ್ಲಿಗೆ?’”

ಕೆಮ್ಮು ಬರಲಿಲ್ಲ. ತಿಯೆಸೆ ಒಳಬಾಗಿಲ ಕಡೆ ನೋಡಿದಳು. ಪಾತ್ರೆಯ ಸದ್ದೂ ನಿಂತಿತ್ತು.

“ಆ ವರ್ಷ ಮಾರ್ಗದರ್ಶಿ ಪರೀಕ್ಷೆಗೆ ನಿಮ್ಮಜ್ಜಿ ಹೆಸರು ಕೊಟ್ಟಳು. ಕ್ಯಾಂಪಿಗೆ ಕ್ಯಾಂಪೇ ಬಿದ್ದು ಬಿದ್ದು ನಕ್ಕಿತು. ‘ಆನೆ ಬಂದ್ರೆ ಸೋಪು ಹಚ್ಚಿ ಒಗೀತೀಯೇನೇ?’ ಅಂದೋರೆಷ್ಟೋ! ನಾನೂ ಅಂದಿದ್ದೆ, ಸುಳ್ಳು ಯಾಕೆ. ‘ಒಂದೇ ಸಲ ಕೂರಿಸ್ತೀನಿ, ಸೋತ್ರೆ ಮತ್ತೆ ಒಗೆಯೋ ಕಲ್ಲಿಗೇ ಹೋಗಬೇಕು, ಆಮೇಲೆ ಆ ಮಾತು ಎತ್ತಬಾರದು’ ಅಂದ ಯಜಮಾನ. ಇವಳು ಹಿಟ್ಟಿನ ಚೀಲ ಬಿಚ್ಚಿ, ಅದರ ಬೆನ್ನಿಗೆ ಇದ್ದಿಲಲ್ಲಿ ದಾರಿ ಬರೆದಳು. ಆರು ಗಂಟೆಗೆ ಯಾವ ಮರದ ಕೆಳಗಿರಬೇಕು, ಬಿಸಿಲು ಯಾರ ಬೆನ್ನಿಗೆ ಬೀಳಬೇಕು, ಹಳ್ಳ ಎಲ್ಲಿ ದಾಟಬೇಕು, ವಯಸ್ಸಾದ ಅತಿಥಿಗಳಿಗೆ ಕೂರೋಕೆ ಬಿದ್ದ ಮರ ಎಲ್ಲಿದೆ, ಟೀಗೆ ಬೆಂಕಿ ಎಲ್ಲಿ ಹಾಕಬೇಕು… ಹಳೇ ಕಾಲುಚೀಲದಲ್ಲಿ ಬೂದಿ ತುಂಬಿಸಿ, ಅಲ್ಲಾಡಿಸಿ ಅಲ್ಲಾಡಿಸಿ, ಎಲ್ಲಿ ಯಾವ ಹೊತ್ತಲ್ಲಿ ಗಾಳಿ ಯಾವ ಕಡೆಗೆ ಅಂತ ಎರಡು ತಿಂಗಳು ನೋಡಿಟ್ಟಿದ್ದಳು. ಅಂಥ ಯೋಜನೆ ನಾನು ಹುಟ್ಟಿದ ಮೇಲೆ ನೋಡಿಲ್ಲ. ಮಡುವಿನ ಪಕ್ಕದ ಹುಲ್ಲು ದಾಟೋವಾಗಂತೂ ಗಾಳಿ ಸರಿಯಾಗಿ ಮುಖಕ್ಕೆ ಬರಬೇಕು, ನಮ್ಮ ವಾಸನೆ ಯಾವ ಪ್ರಾಣಿಗೂ ಹೋಗಬಾರದು ಅಂತ ಗಂಟೆ ಲೆಕ್ಕ ಹಾಕಿದ್ದಳು.

“ಪರೀಕ್ಷಕ ರಾಜಧಾನಿ ಲುಸಾಕದಿಂದ ಬಂದ. ಮುಖದ ಮೇಲೆ ಒಂದು ಗೆರೆ ಅಲ್ಲಾಡಲ್ಲ, ಅಂಥ ಮನುಷ್ಯ. ಕೈಯಲ್ಲಿ ಪುಸ್ತಕ. ಹೊರಡೋಕೆ ಮುಂಚೆ ಒಂದೇ ಮಾತು ಹೇಳಿದ, ‘ಹೊರಟವರೆಷ್ಟೋ ಅಷ್ಟೇ ಜನ ವಾಪಸ್ ಬರಬೇಕು. ಉಳಿದದ್ದೆಲ್ಲಾ ಆಮೇಲೆ.’ ನಾನು, ಇವಳು, ಅವನು, ಮೂವರು ಅತಿಥಿಗಳು, ಕಟೊಂಗೊ ಜಾಗಕ್ಕೆ ಹೊಸದಾಗಿ ಬಂದ ಲೆವಿಸನ್. ಏಳು ಜನ. ಪುಸ್ತಕದಲ್ಲಿ ಏಳು ಅಂತ ಬರೆದುಕೊಂಡ.

“ಹೊರಟ್ವಿ. ಎಂಥ ಬೆಳಗು! ಇವಳು ಹೇಳಿದ ಮರದ ಕೆಳಗೆ ಇವಳು ಹೇಳಿದ ಹೊತ್ತಿಗೆ ಜಿರಾಫೆ, ಹೇಳಿ ಕರೆಸಿದಂಗೆ. ಮೊದಲನೇ ಹಳ್ಳ ದಾಟಿ ದಡದ ಮೇಲೆ ನಿಂತು ತಲೆ ಎಣಿಸಿದಳು… ಎಂಟು. ಕಣ್ಣುಜ್ಜಿಕೊಂಡು ಮತ್ತೆ ಎಣಿಸಿದಳು, ಏಳು. ಸರಿ, ಭಯಕ್ಕೆ ಲೆಕ್ಕ ತಪ್ಪಿರಬೇಕು ಅಂದುಕೊಂಡಳು. ಆಗ ಹಿಂದಿನಿಂದ ಕೇಳಿಸ್ತು, ಇವಳೊಬ್ಬಳಿಗೇ. ಟಿಣ್ ಟಿಣ್. ಎಲ್ಲಾ ಇದೀವಿ, ನಡೀರಿ. ಇವಳು ತಿರುಗಿ ಲೆವಿಸನ್‌ಗೆ ‘ಚಮಚ ಬಡೀಬೇಡ’ ಅಂತ ಸನ್ನೆ ಮಾಡಿದಳು. ಅವನು ಎರಡೂ ಕೈ ಕಣ್ಣಲ್ಲೇ ತೋರಿಸಿದ. ಒಂದು ಕೈಯಲ್ಲಿ ಕೆಟಲ್, ಒಂದು ಕೈ ಬುಟ್ಟಿ ಮೇಲೆ. ಚಮಚ ಎಲ್ಲಿಂದ ಬರಬೇಕು?

“ಟೀಗೆ ಕೂತ್ವಿ. ಲೆವಿಸನ್ ಏಳು ಲೋಟ ಇಟ್ಟು ಏಳಕ್ಕೂ ಟೀ ಬಗ್ಗಿಸಿದ, ನಾನೇ ನೋಡಿದೀನಿ. ಉಳಿದೋರೆಲ್ಲರ ಕೈಗೂ ಲೋಟ ಬಂತು. ನಿಮ್ಮಜ್ಜಿ ತನ್ನದು ತಗೊಳ್ಳೋಕೆ ಬಗ್ಗಿದ್ರೆ… ಇಲ್ಲ. ಹುಡುಕಿದ್ವಿ. ಹಿಂದೆ, ನಾವು ಬಂದ ದಾರಿ ಪಕ್ಕದಲ್ಲಿ ಒಂದು ಹುತ್ತ ಇತ್ತು. ಅದರ ಮೇಲೆ ಕೂತಿತ್ತು ಲೋಟ. ಖಾಲಿ. ಮುಟ್ಟಿದ್ರೆ ಇನ್ನೂ ಬೆಚ್ಚಗೆ. ತಳದಲ್ಲಿ ಕರಗದೇ ಉಳಿದ ಸಕ್ಕರೆ ಇಷ್ಟು ದಪ್ಪ… ನಮ್ಮಲ್ಲಿ ಅಷ್ಟು ಸಕ್ಕರೆ ಹಾಕ್ಕೊಳ್ತಿದ್ದೋನು ಒಬ್ಬನೇ. ಇವಳ ಮುಖ ಬೂದಿ ಬಣ್ಣ. ಪರೀಕ್ಷಕ ಕೇಳಿದ, ‘ಏನಾಯ್ತು?’ ‘ಏನಿಲ್ಲ ಅಯ್ಯಾ’ ಅಂದ್ಳು. ಅವನು ಪುಸ್ತಕದಲ್ಲಿ ಏನೋ ಗೀಚಿಕೊಂಡ.”

ತಿಯೆಸೆ ಕೆಮ್ಮಿಗಾಗಿ ಕಾದಳು. ಈ ಸಲ ಬಂದೇ ಬರುತ್ತದೆ ಎಂದುಕೊಂಡಳು. ಮಳೆಯ ಸದ್ದಲ್ಲದೆ ಏನೂ ಕೇಳಿಸಲಿಲ್ಲ. ಲವ್‌ನೆಸ್ ತೆನೆ ಕಚ್ಚುವುದನ್ನು ಮರೆತು ಕೂತಿದ್ದಳು.

“ಆಮೇಲೆ ಆ ಹುಲ್ಲು ಬಂತು. ಆನೆ ಕಿವಿ ಎತ್ತರದ ಹುಲ್ಲು. ಇವಳು ಬೂದಿ ಚೀಲ ಅಲ್ಲಾಡಿಸಿದಳು. ಗಾಳಿ ನೇರ ಮುಖಕ್ಕೆ, ಅವಳ ಲೆಕ್ಕದಂಗೇ. ಹುಲ್ಲು ಮುಗಿದ್ರೆ ಬಯಲು. ಅದನ್ನ ದಾಟಿಬಿಟ್ರೆ ಕ್ಯಾಂಪು, ಕ್ಯಾಂಪು ಸೇರಿದ್ರೆ ಪಾಸು. ನಾನು ಹುಲ್ಲೊಳಗೆ ಹತ್ತು ಹೆಜ್ಜೆ ಹಾಕಿದೆ. ಟಿಣ್ ಟಿಣ್ ಟಿಣ್.

“ಮೂರು.

“ನನಗೇನೂ ಕಾಣಲಿಲ್ಲ, ಕೇಳಲಿಲ್ಲ, ಮೂಗಿಗೂ ಬಡೀಲಿಲ್ಲ. ಈ ಕಿವಿ, ಈ ಕಣ್ಣು ಅಂತ ಮೆರೀತಿದ್ದೆನಲ್ಲ, ಎಲ್ಲಾ ಸೇರಿ ಸೊನ್ನೆ! ನಡಿ ಅಂತ ಕೈ ಮಾಡಿದೆ. ನಿಮ್ಮಜ್ಜಿ ಕೈ ಎತ್ತಿ ಸಾಲನ್ನೇ ನಿಲ್ಲಿಸಿಬಿಟ್ಟಳು. ‘ಯಾಕೆ ನಿಂತಿದ್ದು?’ ಅಂದ ಪರೀಕ್ಷಕ. ‘ಏನು ಕಂಡೆ? ಹೆಜ್ಜೆ ಗುರುತಾ? ಸಗಣಿಯಾ? ಕಾರಣ ಹೇಳು.’ ಏನು ಹೇಳ್ತಾಳೆ? ಸತ್ತೋನು ಚಮಚ ಬಡಿದ ಅಂತಲಾ? ಹೇಳಿದ್ರೆ ಅಲ್ಲಿಗೆ ಕತೆ ಮುಗೀತು, ಬಟ್ಟೆ ಕಲ್ಲು ಕಾಯ್ತಿದೆ. ಹೇಳದೆ ನಡೆದ್ರೆ… ಹಿಂದಿನಿಂದ ಮತ್ತೆ ಟಿಣ್ ಟಿಣ್ ಟಿಣ್. ಕೋಪ ಬಂದೋರ ಹಂಗೆ.

“ಅವಳು ತಿರುಗಿದಳು. ಪರೀಕ್ಷಕನ ತಲೆ ಮೇಲಿಂದ, ಲೆವಿಸನ್ ತಲೆ ಮೇಲಿಂದ, ಸಾಲು ಮುಗಿದು ಯಾರೂ ಇಲ್ಲದ ಜಾಗಕ್ಕೆ ನೋಡಿದಳು. ಮೂರು ತಿಂಗಳು ಗಂಟಲಲ್ಲಿ ಸಿಕ್ಕಿಹಾಕಿಕೊಂಡಿತ್ತಲ್ಲ, ಅದೆಲ್ಲಾ ಕಟ್ಟೆ ಒಡೀತು. ‘ಏ ಕೋತಿ ತಿನ್ನೋನೇ! ಸತ್ತರೂ ಟೀ ಬಿಡಲ್ವೇನೋ ನೀನು? ನನ್ನ ಲೋಟಾನೇ ಬೇಕಾಯ್ತಾ ನಿನಗೆ, ಬಾಲ ಇಲ್ಲದೋನೇ! ನಿನ್ನ ಗುಂಡಿಗಿಳಿದು ಕುಣಿಯದೇ ಹೋದ್ನಲ್ಲೋ, ಅಳಿಸಿಬಿಟ್ಯಲ್ಲೋ ನನ್ನ, ನಿನ್ನ ಕಾಟ ತಪ್ಪಿತು ಅಂತ ಹೇಳೋಕೂ ಬಿಡ್ಲಿಲ್ಲವಲ್ಲೋ ಪಾಪಿ!’ ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ, ಕಾಡೇ ನಡುಗೋ ಹಂಗೆ…

“ಆ ಕೂಗಿಗೆ ಎದ್ದವು ನೋಡಿ! ನನ್ನ ಕಾಲಿಂದ ಹದಿನೈದು ಹೆಜ್ಜೆ ಮುಂದೆ, ನಾನು ಹೋಗಬೇಕಿದ್ದ ದಾರೀಲೇ, ಎರಡು ಮುದಿ ಕಾಡುಕೋಣ. ಗಾಳಿ ನಮ್ಮ ಕಡೆಗಿತ್ತಲ್ಲ, ನಮ್ಮ ವಾಸನೆ ಅವಕ್ಕೆ ಹತ್ತಿರ್ಲಿಲ್ಲ, ಸುಖವಾಗಿ ಮಲಗಿದ್ವು. ಮಲಗಿದ ಮುದಿ ಕೋಣನ್ನ ತುಳಿದೋನ ಗತಿ ಏನು ಅಂತ ಈ ಊರಿನ ಮಕ್ಕಳಿಗೆ ಹೇಳಬೇಕಾ? ದೂರದಿಂದ ಕೂಗು ಕೇಳಿ ಎದ್ದಿದ್ದಕ್ಕೆ ಓಡೋ ಬುದ್ಧಿ ಬಂತು. ಬುಸುಗುಟ್ಟಿಕೊಂಡು, ಹುಲ್ಲು ಮುರ್ಕೊಂಡು, ಮಡುವಿಗೆ ಧುಮುಕಿ ಆಚೆ ಹೋದ್ವು. ನನಗೆ ಬಂದೂಕು ಕೈಯಲ್ಲಿತ್ತು ಅನ್ನೋದೂ ನೆನಪಿರ್ಲಿಲ್ಲ.

“ಪರೀಕ್ಷಕ ಪುಸ್ತಕ ಮುಚ್ಚಿದ. ಆಮೇಲೆ ಮೆಲ್ಲಗೆ ಕೇಳಿದ, ‘ಅವನ ಹೆಸರೇನು?’ ‘ಕಟೊಂಗೊ, ಕಸಾಮದೋನು.’ ‘ಸತ್ತಾಗ ಬೈದು ಕಳಿಸಲಿಲ್ವಾ?’ ‘ಇಲ್ಲ ಅಯ್ಯಾ… ದೊಡ್ಡೋರೆಲ್ಲಾ ಇದ್ರು. ಅತ್ತುಬಿಟ್ಟೆ.’ ಆ ಮನುಷ್ಯ ಟೋಪಿ ತೆಗೆದ. ಸಾಲಿನ ಕೊನೆಗೆ, ಖಾಲಿ ದಾರಿ ಕಡೆಗೆ ತಿರುಗಿ ತಲೆ ಬಾಗಿಸಿದ. ಅವನೂ ಬೆಂಬಾ ಕಣ್ರೋ! ಪುಸ್ತಕ ತೆಗೆದು ಏಳು ಅನ್ನೋದನ್ನ ಹೊಡೆದುಹಾಕಿ, ನಮ್ಮೆದುರಿಗೇ ಬರೆದ… ಹೊರಟವರು ಎಂಟು. ಕ್ಯಾಂಪಿನ ಬಾಗಿಲಲ್ಲಿ ನಿಂತು ಬರೆದ, ಬಂದವರು ಎಂಟು. ಕೆಳಗೆ ರುಜು ಹಾಕಿ ಅಂದ, ‘ಇಲಿ ತಿನ್ನೋಳಿಗೆ ಪಾಸು ಕೊಟ್ಟ ಕೋತಿ ಅಂತ ನಮ್ಮೂರಲ್ಲಿ ನನ್ನನ್ನ ಬೈತಾರೆ. ಬೈಲಿ!’ ಬಟ್ಟೆ ಒಗೆಯೋ ಹೆಂಗಸರೆಲ್ಲಾ ಬಕೆಟ್ ಬಡ್ಕೊಂಡು, ಕೇಕೆ ಹಾಕ್ಕೊಂಡು ಇವಳನ್ನ ಹೆಗಲ ಮೇಲೆ ಎತ್ತಿ ಕ್ಯಾಂಪೆಲ್ಲಾ ಮೆರವಣಿಗೆ ಮಾಡಿದ್ರು. ನಾನು ಅವತ್ತು ಸಂಜೆನೇ ಕೇಳಿದೆ, ಮದುವೆ ಆಗ್ತೀಯಾ ಅಂತ. ತಕ್ಷಣ ಒಪ್ಪಿಕೊಂಡಳು…”

ಒಳಗೆ ಜೋರಾಗಿ ಕೆಮ್ಮು. ಜಗಲಿಯೆಲ್ಲ ಗೊಳ್ಳೆಂದು ನಕ್ಕಿತು.

“ಎರಡು ವರ್ಷ ಕಾಯಿಸಿದಳು,” ಎಂದು ಮುದುಕ ಒಪ್ಪಿಕೊಂಡ.

“ಅಂದ್ರೆ ಕಟೊಂಗೊ ಅವತ್ತೇ ಹೋದ?” ಎಂದು ಕೇಳಿದಳು ಲವ್‌ನೆಸ್. “ಬೈದಾಯ್ತಲ್ಲ. ಮತ್ತೆ ಎಂಟನೇ ಲೋಟ ಯಾಕೆ?”

ಯೋಟಮ್ ಮೊಮ್ಮಗಳ ಕಡೆ ತಿರುಗಿದ. ದನಿ ಇಳಿದಿತ್ತು.

“ತಿಯೆಸೆ, ಮಗಾ. ಮೊನ್ನೆ ಆ ಹುಲ್ಲಿನ ತನಕ ಹೋಗ್ಬಿಟ್ಟು ಯಾಕೆ ತಿರುಗಿ ಬಂದೆ?”

“ಬೂಟು ಕಚ್ತು, ತಾತಾ.”

“ನಿನ್ನ ಕಾಲು ನೋಡಿದೀನಿ. ಒಂದು ಗುಳ್ಳೆ ಇಲ್ಲ. ಬಂದೂಕಿನವನು ಮುಂದಿದ್ದ, ಅವನ ಹಿಂದೆ ನೀನು. ನಿನ್ನ ಹಿಂದೆ ಯಾರಿದ್ರು?”

“ಯಾರೂ ಇರಲಿಲ್ಲ.”

“ಎಷ್ಟು ಸಲ?”

ಮರದಲ್ಲಿ ಯಾವುದೋ ಹಕ್ಕಿ ಕೂಗಿತೆಂದು ಮೂರು ದಿನದಿಂದ ತನಗೆ ತಾನೇ ಹೇಳಿಕೊಂಡಿದ್ದಳು. ಹೆದರುಪುಕ್ಕಲಿ ಮಾರ್ಗದರ್ಶಿಯಾಗುತ್ತಾಳೆಯೇ ಎಂದು ಯಾರಾದರೂ ಅಂದಾರೆಂದು ಬಾಯಿ ಬಿಟ್ಟಿರಲಿಲ್ಲ.

“ಮೂರು,” ಎಂದಳು.

ಯಾರೂ ನಗಲಿಲ್ಲ. ಜೆಲಿಪಾ ಅಜ್ಜಿ ಟೀ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತಿದ್ದಳು. ಅವಳ ಕಣ್ಣು ಒದ್ದೆಯಾಗಿತ್ತು, ಮುಖದ ತುಂಬ ನಗುವಿತ್ತು.

“ನೋಡು ಮುಂಡೇದನ್ನ! ಜೂನ್ ಬರೋಕೂ ಪುರಸೊತ್ತಿಲ್ಲ, ಆಗಲೇ ಕೆಲಸಕ್ಕೆ ಬಂದಿದಾನೆ,” ಎಂದಳು. “ಏಳೆಂಟು ಜನ ಹುಡುಗರಿಗೆ ಈ ಕೆಲಸ ಕಲಿಸಿದೀನಿ ಮಗಾ. ಒಬ್ಬರಿಗೂ ಚಮಚ ಬಡಿದೋನಲ್ಲ. ನಾನು ಆಚೆ ನಡೆಯೋದು ಬಿಟ್ಟ ಮೇಲೆ ಸುಮ್ಮನಾಗಿದಾನೆ ಅಂದ್ಕೊಂಡಿದ್ದೆ. ನೀನು ಪಾಸಾದೆ ಅಂತಲೇ ತಿಳ್ಕೊ. ಪರೀಕ್ಷಕರು ಬರೆಯೋದೊಂದು ಬಾಕಿ.”

ತಿಯೆಸೆಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಭಯವೆಂದು ಮೂರು ದಿನ ಬಚ್ಚಿಟ್ಟುಕೊಂಡದ್ದು ಭಯವಾಗಿರಲಿಲ್ಲ. ಅವಳು ಸರಿಯಾಗಿಯೇ ಕೇಳಿಸಿಕೊಂಡಿದ್ದಳು, ಸರಿಯಾದ ಜಾಗದಲ್ಲೇ ನಿಂತಿದ್ದಳು. ಕಿವಿಯಿಂದ ಪೆನ್ಸಿಲ್ ತೆಗೆದು ಏಳನ್ನು ಹೊಡೆದುಹಾಕಿ ಎಂಟು ಎಂದು ದಪ್ಪಗೆ ಬರೆದಳು. ಪಕ್ಕದಲ್ಲಿ, ಸಕ್ಕರೆ ಜಾಸ್ತಿ, ಎಂದೂ ಬರೆದಳು. ಆಮೇಲೆ ಎದ್ದು ಜಗಲಿಯ ಅಂಚಿಗೆ ಹೋಗಿ, ಮಳೆಗೆ ಮುಖ ಕೊಟ್ಟು, ಹೊಳೆಯಾಚೆಯ ಕತ್ತಲಿಗೆ ಎದೆ ತುಂಬ ಕೂಗಿದಳು.

“ಏ ಕೋತಿ ತಿನ್ನೋನೇ! ನಮ್ಮಜ್ಜಿ ಲೋಟ ಕದ್ದ ಕಳ್ಳಾ! ಜೂನ್ ಒಂದನೇ ತಾರೀಕು, ಬೆಳಗ್ಗೆ ಆರಕ್ಕೆ ಹೊರಡೋದು. ತಡ ಮಾಡಿದ್ರೆ ಬಿಟ್ಟು ಹೋಗ್ತೀನಿ, ಗೊತ್ತಾಯ್ತಾ? ಇನ್ನೂ ಕೇಳು…”

“ಸಾಕು ಮಗಾ, ಸಾಕು!” ಯೋಟಮ್ ಕಂಬಳಿ ಕೊಡವಿ ಎದ್ದೇ ಬಂದು ಅವಳ ತೋಳು ಹಿಡಿದುಕೊಂಡ. “ಎಲ್ಲಾ ಒಂದೇ ಸಲ ಬೈದು ಮುಗಿಸಬೇಡ. ನಿಮ್ಮಜ್ಜಿ ಪ್ರತಿ ವರ್ಷ ಒಂದು ಬೈಗುಳ ಉಳಿಸಿಕೊಳ್ತಿದ್ಳು… ಮುಗಿಸಿಬಿಟ್ರೆ ಅವನು ಹೊರಟುಹೋಗ್ತಾನೆ.”